'ಹ್ಯಾಂಗ್ ಆನ್' ಅಂದರೆ ಫೋನ್ ಇಡಬೇಡಿ: ಇಂಗ್ಲಿಷ್ ಫ್ರೇಸಲ್ ವರ್ಬ್, ಈಡಿಯಮ್ ಕಲಿಯುವ ದಾರಿ

ಕೆಲಸಕ್ಕೆ ಸೇರಿದ ಮೊದಲ ವಾರ. ಕಾಲ್ ಸೆಂಟರ್, ರಾತ್ರಿ ಪಾಳಿ, ಬ್ರಿಟನ್ನಿನ ಗ್ರಾಹಕರು. ಆ ಕಡೆ ಒಬ್ಬ ಅಜ್ಜಿ ತಮ್ಮ ಖಾತೆ ನಂಬರ್ ಹುಡುಕುತ್ತಾ 'ಹ್ಯಾಂಗ್ ಆನ್, ಲವ್' ಅಂದರು. 'ಹ್ಯಾಂಗ್ ಅಪ್' ಅಂದರೆ ಫೋನ್ ಇಡುವುದು ಅಂತ ನಾನು ಹಿಂದಿನ ವಾರವಷ್ಟೇ ಬಾಯಿಪಾಠ ಮಾಡಿದ್ದೆ. 'ಹ್ಯಾಂಗ್' ಕಿವಿಗೆ ಬಿದ್ದದ್ದೇ ತಡ, ಥ್ಯಾಂಕ್ ಯೂ ಮೇಡಂ ಅಂತ ಹೇಳಿ ಫೋನ್ ಇಟ್ಟೇಬಿಟ್ಟೆ. ಪಾಪ, ಅಜ್ಜಿ ಹೇಳಿದ್ದು 'ಒಂದ್ನಿಮಿಷ ಇರಪ್ಪಾ' ಅಂತ. ಆಮೇಲೆ ಟೀಮ್ ಲೀಡರ್ ಕೈಲಿ ನನಗೆ ಸರಿಯಾಗಿ ಮಂಗಳಾರತಿ ಆಯಿತು.

ಆಗ ನನ್ನ ಹತ್ತಿರ ಇದ್ದದ್ದು ಫುಟ್‌ಪಾತಿನಲ್ಲಿ ಕೊಂಡ ಒಂದು ಪುಸ್ತಕ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ ಅರ್ಥ, ಎ ಇಂದ ಝಡ್ ತನಕ. ಅದರಲ್ಲಿ 'ಬಿ' ಮುಗಿಸುವಷ್ಟರಲ್ಲಿ 'ಎ' ಮರೆತುಹೋಗುತ್ತಿತ್ತು. ಹಾಗೆ ಕಲಿಯಬೇಡಿ ಅಂತ ಹೇಳೋಕೇ ಇಷ್ಟೆಲ್ಲ ಬರೆಯುತ್ತಿರುವುದು.

ಮೊದಲು ನಮ್ಮ ಕನ್ನಡವನ್ನೇ ಒಮ್ಮೆ ನೋಡಿ

ಮೇಲೆ 'ಮಂಗಳಾರತಿ ಆಯಿತು' ಅಂದೆನಲ್ಲ, ನಿಮಗೆ ಕರ್ಪೂರ, ಗಂಟೆ ನೆನಪಾಯಿತಾ? ಇಲ್ಲ ಅಲ್ವಾ. 'ಕೈಕೊಟ್ಟ', 'ಕಂಬಿ ಕಿತ್ತ', 'ಹಳ್ಳ ಹಿಡೀತು', 'ಪಂಗನಾಮ ಹಾಕಿದ', ಇವನ್ನೆಲ್ಲ ನಾವು ಪದ ಬಿಡಿಸಿ ಅರ್ಥ ಮಾಡಿಕೊಳ್ಳುವುದಿಲ್ಲ. ಕನ್ನಡ ಕಲಿಯಲು ಬಂದ ಪರಊರಿನವರು 'ಯಾವ ಕಂಬಿ, ಎಲ್ಲಿಂದ ಕಿತ್ತ' ಅಂತ ಕೇಳಿದರೆ ನಾವು ನಗುತ್ತೇವೆ. ಇಂಗ್ಲಿಷಿನ ಈಡಿಯಮ್, ಅಂದರೆ ಇಂಥದೇ ನುಡಿಗಟ್ಟಿನ ಮುಂದೆ ನಾವು ಕೇಳುವುದೂ ಅದೇ ಪ್ರಶ್ನೆ.

ಕ್ರಿಯಾಪದದ ಹಿಂದೆ ಅಪ್, ಆನ್, ಆಫ್ ಥರದ ಪುಟ್ಟ ಪದ ಸೇರಿ ಬೇರೆಯೇ ಅರ್ಥ ಕೊಟ್ಟರೆ ಅದು ಫ್ರೇಸಲ್ ವರ್ಬ್, 'ಹ್ಯಾಂಗ್ ಆನ್' ಇದ್ದ ಹಾಗೆ. ಅದಕ್ಕೂ ನಮ್ಮಲ್ಲಿ ಜೋಡಿ ಇದೆ. ತಿಂದ, ತಿಂದುಬಿಟ್ಟ, ತಿಂದುಹಾಕಿದ. 'ತಿಂದುಬಿಟ್ಟ' ಅಂದಾಗ ಅವನು ಏನನ್ನು 'ಬಿಟ್ಟ'? ಏನನ್ನೂ ಬಿಟ್ಟಿಲ್ಲ, ತಟ್ಟೆ ಖಾಲಿ. 'ಬಿಡು' ಅಲ್ಲಿ ತನ್ನ ಸ್ವಂತ ಅರ್ಥ ಕಳೆದುಕೊಂಡು, ಕೆಲಸ ಪೂರ್ತಿ ಮುಗಿಯಿತು ಅನ್ನುವುದನ್ನು ಹೇಳುತ್ತದೆ. 'ಈಟ್ ಅಪ್' ಅನ್ನುವಾಗ 'ಅಪ್' ಮಾಡುವುದೂ ಇದನ್ನೇ. ಮೇಲೂ ಇಲ್ಲ, ಕೆಳಗೂ ಇಲ್ಲ.

ಇನ್ನೊಂದು ಸಂಗತಿ. ನೀವು ಆಗಲೇ ಇವನ್ನು ದಿನಾ ಬಳಸುತ್ತಿದ್ದೀರಿ. ಬಿಲ್ಡಪ್ ಕೊಡಬೇಡ ಅಂತೀವಿ. ಹೀರೋ ಗೆಟಪ್ಪು, ಥಿಯೇಟರ್ ಮುಂದಿನ ಕಟೌಟು, ಆಸ್ಪತ್ರೆಯ ಚೆಕಪ್ಪು, ಪೊಲೀಸ್ ಲಾಕಪ್ಪು, ಶೂಟಿಂಗಿನ ಪ್ಯಾಕಪ್ಪು, ಬ್ರೇಕಪ್ಪು. ಎಲ್ಲವೂ ಫ್ರೇಸಲ್ ವರ್ಬಿನಿಂದ ಹುಟ್ಟಿದ ನಾಮಪದಗಳು. ಇವನ್ನು ಬಿಡಿಸಿ ಮತ್ತೆ ಕ್ರಿಯಾಪದ ಮಾಡಿದರೆ ಮೊದಲ ದಿನವೇ ಏಳು ಕೈಗೆ ಸಿಕ್ಕ ಹಾಗೆ. ಉಚ್ಚಾರಣೆಯಲ್ಲಿ ಮಾತ್ರ ಒಂದು ವ್ಯತ್ಯಾಸ ಇದೆ. ನಾಮಪದವಾದರೆ ಒತ್ತು ಮೊದಲ ಭಾಗಕ್ಕೆ ಬೀಳುತ್ತದೆ, ಕ್ರಿಯಾಪದವಾದರೆ ಸಾಮಾನ್ಯವಾಗಿ ಕೊನೆಯ ಪುಟ್ಟ ಪದಕ್ಕೆ.

ಎಷ್ಟು ಕಲಿಯಬೇಕು?

ಸಾವಿರಾರು ಇವೆ ಅಂತ ಹೆದರಿಸುವವರೇ ಜಾಸ್ತಿ. ಇವೆ ನಿಜ, ಆದರೆ ಎಲ್ಲವೂ ಬೇಕಿಲ್ಲ. ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಅಂತ ಸುಮಾರು 10 ಕೋಟಿ ಪದಗಳ ಒಂದು ಸಂಗ್ರಹ ಇದೆ. ಜನ ನಿಜವಾಗಿ ಬರೆದದ್ದು, ಆಡಿದ್ದು ಅದರಲ್ಲಿದೆ. ಡೀ ಗಾರ್ಡ್ನರ್ ಮತ್ತು ಮಾರ್ಕ್ ಡೇವಿಸ್ ಅನ್ನುವವರು 2007ರಲ್ಲಿ ಅದನ್ನು ಜಾಲಾಡಿ ನೋಡಿದಾಗ, ಬರೀ 100 ಫ್ರೇಸಲ್ ವರ್ಬುಗಳೇ ಎಲ್ಲ ಫ್ರೇಸಲ್ ವರ್ಬುಗಳ ಒಟ್ಟು ಬಳಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಜಾಗ ಹಿಡಿದಿದ್ದವು. 2015ರಲ್ಲಿ ಮೆಲೊಡಿ ಗಾರ್ನಿಯೆ ಮತ್ತು ನಾರ್ಬರ್ಟ್ ಶ್ಮಿಟ್ ಇನ್ನೂ ಮುಂದೆ ಹೋಗಿ, ಕಲಿಯುವವರಿಗೆ ಅಂತಲೇ 150ರ ಪಟ್ಟಿ ಮಾಡಿದರು. ಒಂದೊಂದಕ್ಕೂ ಹತ್ತಾರು ಅರ್ಥ ತುಂಬದೆ, ಹೆಚ್ಚು ಬಳಕೆಯಲ್ಲಿರುವ ಅರ್ಥಗಳನ್ನಷ್ಟೇ ಇಟ್ಟುಕೊಂಡರು. ಒಟ್ಟು 288 ಅರ್ಥಗಳಾದವು, ಅಂದರೆ ತಲಾ ಎರಡರ ಆಸುಪಾಸು. 'ಗೋ ಆನ್', 'ಪಿಕ್ ಅಪ್', 'ಕಮ್ ಬ್ಯಾಕ್', 'ಫೈಂಡ್ ಔಟ್' ಎಲ್ಲ ಅದರ ಮೇಲ್ತುದಿಯಲ್ಲಿವೆ.

ನನ್ನ ಕೇಳಿದರೆ ವಾರಕ್ಕೆ ಐದು ಸಾಕು. 30 ವಾರದಲ್ಲಿ 150 ಆಗುತ್ತದೆ. ದಿನಕ್ಕೆ ಇಪ್ಪತ್ತು ಅಂತ ಶುರು ಮಾಡಿದವರು ಯಾರೂ ಯುಗಾದಿಗೆ ಹಿಡಿದದ್ದನ್ನು ಗೌರಿ ಹಬ್ಬದ ತನಕ ಎಳೆದದ್ದನ್ನು ನಾನು ನೋಡಿಲ್ಲ.

ಪುಟ್ಟ ಪದವನ್ನು ಹಿಡಿಯಿರಿ

ಪುಸ್ತಕಗಳೆಲ್ಲ 'ಗೆಟ್' ಅಂತ ಒಂದು ತಲೆಬರಹ ಕೊಟ್ಟು ಅದರ ಕೆಳಗೆ ಗೆಟ್ ಅಪ್, ಗೆಟ್ ಆಫ್, ಗೆಟ್ ಓವರ್, ಗೆಟ್ ಅವೇ ಅಂತ ಸುರಿಯುತ್ತವೆ. ತಲೆ ಕಲಸಿ ಮೇಲೋಗರ ಆಗುವುದು ಇಲ್ಲೇ. ಉಲ್ಟಾ ಮಾಡಿ. ಹಿಂದೆ ಬರುವ ಪುಟ್ಟ ಪದದ ಪ್ರಕಾರ ಗುಂಪು ಮಾಡಿ. ಅದಕ್ಕೆ ಒಂದು ಸ್ವಭಾವ ಇರುತ್ತದೆ.

'ಅಪ್' ಬಂದರೆ ಎಷ್ಟೋ ಸಲ 'ಪೂರ್ತಿ' ಅಂತ. ಯೂಸ್ ಅಪ್, ಫಿಲ್ ಅಪ್, ಕ್ಲೀನ್ ಅಪ್, ಟಿಯರ್ ಅಪ್. ಬಳಸಿ ಮುಗಿಸು, ತುಂಬಿಸಿಬಿಡು, ಗುಡಿಸಿ ಹಾಕು, ಹರಿದು ಹಾಕು. 'ಆನ್' ಬಂದರೆ ನಿಲ್ಲದೆ ಸಾಗುವುದು: ಗೋ ಆನ್, ಕ್ಯಾರಿ ಆನ್, ಕೀಪ್ ಆನ್, ಹೋಲ್ಡ್ ಆನ್. ಫೋನಿನಲ್ಲಿದ್ದ ಆ ಅಜ್ಜಿಯ 'ಹ್ಯಾಂಗ್ ಆನ್' ಈ ಗುಂಪಿನದು. ಲೈನಿನಲ್ಲೇ ಇರು ಅಂತ. ಹಿಂದೆ ಫೋನಿನ ರಿಸೀವರನ್ನು ಗೋಡೆಯ ಕೊಕ್ಕೆಗೆ ನೇತುಹಾಕಿದರೆ ಕರೆ ಮುಗಿದ ಹಾಗೆ, ಅದು 'ಹ್ಯಾಂಗ್ ಅಪ್'. ಇಷ್ಟು ಯಾರಾದರೂ ನನಗೆ ಮೊದಲೇ ಹೇಳಿದ್ದರೆ!

'ಔಟ್' ಬಂದರೆ ಎರಡು ದಾರಿ. ಒಂದು, ಮುಚ್ಚಿದ್ದು ಹೊರಗೆ ಬರುವುದು: ಫೈಂಡ್ ಔಟ್, ಫಿಗರ್ ಔಟ್, ಪಾಯಿಂಟ್ ಔಟ್. ಇನ್ನೊಂದು, ಖಾಲಿಯಾಗುವುದು: ರನ್ ಔಟ್, ಸೋಲ್ಡ್ ಔಟ್, ವೇರ್ ಔಟ್. 'ಡೌನ್' ಬಂದರೆ ಕಡಿಮೆ ಆಗುವುದು, ನಿಲ್ಲುವುದು: ಸ್ಲೋ ಡೌನ್, ಕಟ್ ಡೌನ್, ಬ್ರೇಕ್ ಡೌನ್. 'ಓವರ್' ಬಂದರೆ ಕೈ ಬದಲಾಗುವುದು: ಹ್ಯಾಂಡ್ ಓವರ್, ಟೇಕ್ ಓವರ್. 'ಬ್ಯಾಕ್' ಬಗ್ಗೆ ಹೇಳಬೇಕಾದ್ದೇ ಇಲ್ಲ.

'ಆಫ್' ಮಾತ್ರ ಸ್ವಲ್ಪ ತರಲೆ. ಬೇರೆಯಾಗು, ದೂರ ಹೋಗು ಅನ್ನುವುದು ಅದರ ಮೂಲ ಸ್ವಭಾವ. ಕಟ್ ಆಫ್, ಟೇಕ್ ಆಫ್, ಸೆಟ್ ಆಫ್ ಎಲ್ಲ ಹಾಗೇ ಬಂದವು. ಅದೇ ದಾರಿಯಲ್ಲಿ ಮೀಟಿಂಗ್ ಮುಂದಕ್ಕೆ ಹಾಕಿದರೆ 'ಪುಟ್ ಆಫ್', ರದ್ದಾದರೆ 'ಕಾಲ್ ಆಫ್'. ಈಗ ಇದನ್ನು ನೋಡಿ: 'ದ ಅಲಾರ್ಮ್ ವೆಂಟ್ ಆಫ್'. ನಮ್ಮ ಕಿವಿಗೆ ಅಲಾರಂ ಆಫ್ ಆಯಿತು, ಸದ್ದು ನಿಂತಿತು ಅಂತ ಕೇಳುತ್ತದೆ. ನಿಜವಾದ ಅರ್ಥ ಅಲಾರಂ ಹೊಡೆದುಕೊಂಡಿತು ಅಂತ. ಬಾಂಬ್ 'ವೆಂಟ್ ಆಫ್' ಆದರೆ ಸಿಡಿಯಿತು. ಲೈಟ್ 'ವೆಂಟ್ ಆಫ್' ಆದರೆ ಆರಿತು. ಬ್ರಿಟನ್ನಿನಲ್ಲಿ ಹಾಲು 'ಗಾನ್ ಆಫ್' ಆದರೆ ಕೆಟ್ಟಿದೆ. ಒಂದೇ ಜೋಡಿ, ನಾಲ್ಕು ಕಥೆ. ಹಾಗಾಗಿ ಸ್ವಭಾವ ನೋಡಿ ಊಹೆ ಮಾಡಿ, ಆದರೆ ಊಹೆಯ ಮೇಲೆ ಸಹಿ ಹಾಕಬೇಡಿ.

'ಇಟ್' ಎಲ್ಲಿ ಕೂರಬೇಕು

ವ್ಯಾಕರಣ ಅಂದರೆ ಓಡಬೇಡಿ, ಇರುವುದೇ ಇಷ್ಟು. 'ಟರ್ನ್ ಆಫ್ ದ ಫ್ಯಾನ್' ಅನ್ನಬಹುದು, 'ಟರ್ನ್ ದ ಫ್ಯಾನ್ ಆಫ್' ಅಂತಲೂ ಅನ್ನಬಹುದು. ಆದರೆ ಫ್ಯಾನ್ ಬದಲು 'ಇಟ್' ಬಂದರೆ ಅದು ನಡುವೆಯೇ ಕೂರಬೇಕು. 'ಟರ್ನ್ ಇಟ್ ಆಫ್' ಸರಿ, 'ಟರ್ನ್ ಆಫ್ ಇಟ್' ತಪ್ಪು. ಹಿಮ್, ಹರ್, ದೆಮ್ ಎಲ್ಲಕ್ಕೂ ಇದೇ. ಪಿಕ್ ಹರ್ ಅಪ್, ಥ್ರೋ ದೆಮ್ ಅವೇ.

ಕೆಲವು ಜೋಡಿಗಳು ಮಾತ್ರ ಗಮ್ ಹಾಕಿ ಅಂಟಿಸಿದ ಹಾಗೆ, ನಡುವೆ ಯಾರನ್ನೂ ಬಿಡುವುದಿಲ್ಲ. ಲುಕ್ ಆಫ್ಟರ್, ಲುಕ್ ಫಾರ್, ಲುಕ್ ಇಂಟು, ರನ್ ಇಂಟು, ಕಮ್ ಅಕ್ರಾಸ್. 'ಲುಕ್ ಆಫ್ಟರ್ ಹರ್' ಅಂತಲೇ ಹೇಳಬೇಕು. ಮೂರು ಪದದ ಪುಟ್ ಅಪ್ ವಿತ್, ರನ್ ಔಟ್ ಆಫ್, ಕಮ್ ಅಪ್ ವಿತ್ ಕೂಡ ಹಾಗೆಯೇ ಬಿಡಿಸಲಾಗದ ಗಂಟು. ಯಾವುದು ಯಾವ ಜಾತಿ ಅಂತ ಗೊತ್ತಾಗುವುದು ಹೇಗೆ? ಕೇಂಬ್ರಿಜ್, ಆಕ್ಸ್‌ಫರ್ಡ್, ಲಾಂಗ್‌ಮನ್‌ನವರ ಕಲಿಯುವವರ ನಿಘಂಟುಗಳು ಆನ್‌ಲೈನಿನಲ್ಲಿ ಪುಕ್ಕಟೆ ಇವೆ. ಅವುಗಳಲ್ಲಿ 'ಸಮ್‌ಥಿಂಗ್' ಅನ್ನುವ ಪದ ನಡುವೆ ಕೂತಿದ್ದರೆ ಬಿಡಿಸಬಹುದು, ಕೊನೆಯಲ್ಲೇ ಇದ್ದರೆ ಬಿಡಿಸಬಾರದು.

ಮೇಲ್ ಬರೆಯುವವರಿಗೆ ಒಂದು ಮಾತು. 'ಲುಕಿಂಗ್ ಫಾರ್ವರ್ಡ್ ಟು ಮೀಟ್ ಯೂ' ಅಂತ ನಮ್ಮಲ್ಲಿ ಎಲ್ಲರೂ ಬರೆಯುತ್ತಾರೆ, ಮ್ಯಾನೇಜರುಗಳೂ ಬರೆಯುತ್ತಾರೆ. ಅದು 'ಟು ಮೀಟಿಂಗ್ ಯೂ' ಆಗಬೇಕು.

ನಿಮ್ಮ ದಿನವನ್ನೇ ಇಂಗ್ಲಿಷಿಗೆ ಹಾಕಿ

ನನಗೆ ನಿಜವಾಗಿ ಕೆಲಸಕ್ಕೆ ಬಂದದ್ದು ಇದೊಂದೇ ಉಪಾಯ. ರಾತ್ರಿ ಮಲಗುವ ಮೊದಲು ಆ ದಿನ ನಡೆದದ್ದನ್ನು ಫೋನಿನಲ್ಲಿ ಎರಡು ನಿಮಿಷ ಇಂಗ್ಲಿಷಿನಲ್ಲಿ ಹೇಳಿ ರೆಕಾರ್ಡ್ ಮಾಡುವುದು. ನಡೆದದ್ದನ್ನೇ ಹೇಳುವುದರಿಂದ ಚಿತ್ರ ಆಗಲೇ ತಲೆಯಲ್ಲಿರುತ್ತದೆ, ಪದ ಹೋಗಿ ಅದಕ್ಕೆ ಅಂಟಿಕೊಳ್ಳುತ್ತದೆ.

ಒಂದು ಮಾದರಿ ನೋಡಿ. ಆರಕ್ಕೆ ಎಚ್ಚರವಾಯಿತು, ಅದು 'ವೋಕ್ ಅಪ್'. ಹಾಸಿಗೆ ಬಿಟ್ಟು ಎದ್ದದ್ದು ಆರೂವರೆಗೆ, ಅದು 'ಗಾಟ್ ಅಪ್'. ಎರಡೂ ಒಂದೇ ಅಂದುಕೊಂಡಿದ್ದರೆ ಇವತ್ತಿಗೆ ಬಿಡಿ. ಫೋನ್ ನೋಡುತ್ತಾ ನಿಂತಾಗ ಹಾಲು ಉಕ್ಕಿತು: 'ಬಾಯ್ಲ್ಡ್ ಓವರ್'. ಅಷ್ಟರಲ್ಲಿ ಗ್ಯಾಸ್ ಮುಗಿಯಿತು: 'ವಿ ರ‍್ಯಾನ್ ಔಟ್ ಆಫ್ ಗ್ಯಾಸ್'. ಇದನ್ನು ಅಮೆರಿಕದವರಿಗೆ ಹೇಳಿದರೆ ಕಾರಿನ ಪೆಟ್ರೋಲ್ ಮುಗಿಯಿತು ಅಂದುಕೊಳ್ಳುತ್ತಾರೆ, ಅವರಿಗೆ ಪೆಟ್ರೋಲೇ ಗ್ಯಾಸ್. ಮಗಳನ್ನು ಶಾಲೆಗೆ ಬಿಟ್ಟೆ: 'ಐ ಡ್ರಾಪ್ಡ್ ಹರ್ ಆಫ್'. ನಾವು 'ಡ್ರಾಪ್ ಮಾಡಿದೆ' ಅಂತ ಕನ್ನಡದಲ್ಲಿ ಹೇಳಿ ಅಭ್ಯಾಸವಾಗಿ 'ಆಫ್' ಅನ್ನು ನುಂಗಿಬಿಡುತ್ತೇವೆ. ಬರೀ 'ಐ ಡ್ರಾಪ್ಡ್ ಮೈ ಡಾಟರ್' ಅಂದರೆ ಮಗುವನ್ನು ಕೈಯಿಂದ ಕೆಳಗೆ ಬೀಳಿಸಿದೆ ಅಂತ ಆಗುತ್ತದೆ, ಕೇಳಿದವರು ಗಾಬರಿಯಾಗುತ್ತಾರೆ. ಸಿಲ್ಕ್ ಬೋರ್ಡ್ ಹತ್ತಿರ ಬಸ್ಸು ಕೆಟ್ಟು ನಿಂತಿತು: 'ಬ್ರೋಕ್ ಡೌನ್'. ಅಲ್ಲೇ ಹಳೇ ಗೆಳೆಯ ಅಚಾನಕ್ಕಾಗಿ ಸಿಕ್ಕ: 'ಐ ರ‍್ಯಾನ್ ಇಂಟು ಹಿಮ್'. ಗುದ್ದಿದೆ ಅಂತ ಅಲ್ಲ. ಆದರೆ ಗಾಡಿ ಓಡಿಸುತ್ತಿದ್ದೆ ಅಂತ ಜೊತೆಗೆ ಹೇಳಿದರೆ ಗುದ್ದಿದೆ ಅಂತಲೂ ಆಗಬಹುದು, ಹುಷಾರು. ಸಂಜೆ ಕರೆಂಟ್ ಹೋಯಿತು: 'ದ ಪವರ್ ವೆಂಟ್ ಔಟ್'.

ಗಮನಿಸಿದಿರಾ, ಹಿಂದೆ ನಡೆದದ್ದನ್ನು ಹೇಳುವಾಗ ಬದಲಾಗುವುದು ಮೊದಲ ಪದ ಮಾತ್ರ. ಪುಟ್ಟ ಪದ ಕಲ್ಲಿನ ಹಾಗೆ ಹಾಗೇ ಇರುತ್ತದೆ.

ನಮ್ಮ ದೇಶದ್ದೇ ಕೆಲವು ಎಡವಟ್ಟು

ಬಸ್ಸಿನಿಂದ ಇಳಿಯುವುದಕ್ಕೆ ನಾವು 'ಗೆಟ್ ಡೌನ್' ಅಂತೀವಿ, 'ಇಳಿ' ಅನ್ನುವುದರ ನೇರ ಅನುವಾದ. ಹೊರಗಿನವರು ಬಸ್ಸು, ರೈಲಿಗೆ 'ಗೆಟ್ ಆನ್, ಗೆಟ್ ಆಫ್' ಅಂತಾರೆ, ಕಾರಿಗೆ 'ಗೆಟ್ ಇನ್, ಗೆಟ್ ಔಟ್'. 'ಕೋಪ್ ಅಪ್ ವಿತ್' ಅನ್ನುವುದು ಇಲ್ಲವೇ ಇಲ್ಲ, 'ಕೋಪ್ ವಿತ್' ಅಷ್ಟೇ. ಕೀಪ್ ಅಪ್, ಕ್ಯಾಚ್ ಅಪ್ ಜೊತೆ ಸೇರಿ ಕೆಟ್ಟಿರಬೇಕು. 'ಡಿಸ್ಕಸ್' ಹಿಂದೆ 'ಅಬೌಟ್' ಬೇಡ. 'ರಿಟರ್ನ್' ಒಳಗೇ 'ವಾಪಸ್' ಇರುವುದರಿಂದ ಮತ್ತೆ 'ಬ್ಯಾಕ್' ಅಂಟಿಸುವುದು ಬೇಡ. 'ಐ ಪಾಸ್ಡ್ ಔಟ್ ಇನ್ 2012' ಅಂದರೆ ನಮಗೆ ಡಿಗ್ರಿ ಮುಗಿಯಿತು ಅಂತ. ಅಮೆರಿಕದ ಇಂಟರ್‌ವ್ಯೂನಲ್ಲಿ ಹೇಳಿದರೆ 2012ರಲ್ಲಿ ಎಚ್ಚರ ತಪ್ಪಿ ಬಿದ್ದೆ ಅಂತ. ಅಲ್ಲಿ 'ಗ್ರಾಜುಯೇಟೆಡ್' ಅನ್ನಿ.

ಇಂಡಿಯಾದಲ್ಲಿ ಇಂಡಿಯಾದವರ ಜೊತೆ ಮಾತಾಡುವಾಗ ಇವು ನಡೆಯುತ್ತವೆ, ಅದಕ್ಕೆ ನನ್ನ ತಕರಾರಿಲ್ಲ. ಬಸ್ ಕಂಡಕ್ಟರ್ ಹತ್ತಿರ 'ಗೆಟ್ ಆಫ್' ಅಂತ ಶುದ್ಧ ಇಂಗ್ಲಿಷ್ ಒಪ್ಪಿಸಿದರೆ ಅವರು ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ.

ಈಡಿಯಮ್‌ಗಳನ್ನು ಮೂರು ಗುಡ್ಡೆ ಮಾಡಿ

ಮೊದಲ ಗುಡ್ಡೆಯಲ್ಲಿ ಎರಡೂ ಭಾಷೆಯಲ್ಲಿ ಒಂದೇ ಚಿತ್ರ ಇರುವಂಥವು. ಮೊಸಳೆ ಕಣ್ಣೀರು, ಒಂದೇ ಕಲ್ಲಿಗೆ ಎರಡು ಹಕ್ಕಿ, ಬೆಣ್ಣೆ ಹಚ್ಚುವುದು, ಕೈ ತೊಳೆದುಕೊಳ್ಳುವುದು, ತಣ್ಣೀರು ಎರಚುವುದು. ಇವನ್ನು ಕಲಿಯುವುದೇನಿದೆ, ಇಂಗ್ಲಿಷಿನಲ್ಲಿ ಹೇಳುವುದಷ್ಟೇ ಬಾಕಿ.

ಎರಡನೇ ಗುಡ್ಡೆ ನನಗೆ ತುಂಬ ಇಷ್ಟ. ಅರ್ಥ ಒಂದೇ, ಚಿತ್ರ ಬೇರೆ. 'ಒನ್ಸ್ ಇನ್ ಎ ಬ್ಲೂ ಮೂನ್' ಅಂದರೆ ನಮ್ಮ 'ಅಮಾವಾಸ್ಯೆಗೋ ಹುಣ್ಣಿಮೆಗೋ ಒಂದು ಸಲ'. ಅವರೂ ಚಂದ್ರನನ್ನೇ ನೋಡಿದ್ದಾರೆ! ಆಚೆ ಕಡೆಯ ಹುಲ್ಲು ಹೆಚ್ಚು ಹಸಿರು ಅಂತ ಅವರು ಹೇಳುವುದು ನಮ್ಮ 'ದೂರದ ಬೆಟ್ಟ ನುಣ್ಣಗೆ'. ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ಹಾಕುವ ಮಾತು ಅವರದು, ನಮ್ಮದು 'ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು'. ಕೆಟ್ಟ ಕೆಲಸಗಾರ ಉಪಕರಣವನ್ನು ಬೈಯುತ್ತಾನೆ, ನಮ್ಮವಳು ಕುಣಿಯಲಾರದೆ ನೆಲ ಡೊಂಕು ಅಂತಾಳೆ. 'ಪೀಸ್ ಆಫ್ ಕೇಕ್' ಅಂದರೆ ನೀರು ಕುಡಿದಷ್ಟು ಸುಲಭ. ಇಂಥವನ್ನು ಬರೆದಿಟ್ಟುಕೊಳ್ಳುವಾಗ ಅರ್ಥ ಬರೆಯಬೇಡಿ, ಪಕ್ಕದಲ್ಲಿ ಕನ್ನಡದ ಗಾದೆ ಬರೆಯಿರಿ. ಅರ್ಥ ಮರೆಯುತ್ತದೆ, ಗಾದೆ ಮರೆಯುವುದಿಲ್ಲ.

ಮೂರನೇ ಗುಡ್ಡೆ ಮೋಸದ್ದು. 'ಗಿವ್ ಮಿ ಎ ಹ್ಯಾಂಡ್' ಅಂದರೆ ಸ್ವಲ್ಪ ಸಹಾಯ ಮಾಡು. ಕನ್ನಡದಲ್ಲಿ ಕೈಕೊಟ್ಟ ಅಂದರೆ ಪೂರಾ ಉಲ್ಟಾ! ನಮ್ಮಲ್ಲಿ 'ಕಾಲೆಳೆಯುವುದು' ತಮಾಷೆಗೂ ಆಗುತ್ತದೆ, ಮೇಲೆ ಬರುತ್ತಿರುವವನನ್ನು ಕೆಳಗೆ ಬೀಳಿಸುವುದಕ್ಕೂ ಆಗುತ್ತದೆ. ಅವರ 'ಪುಲ್ಲಿಂಗ್ ಯುವರ್ ಲೆಗ್' ಬರೀ ತಮಾಷೆ. 'ಕೈಕಾಲು ತಣ್ಣಗಾಯಿತು' ಅಂದರೆ ನಮಗೆ ದಿಢೀರ್ ಭಯ. 'ಕೋಲ್ಡ್ ಫೀಟ್' ಅಂದರೆ ಒಪ್ಪಿಕೊಂಡ ಕೆಲಸಕ್ಕೆ, ಮದುವೆಗೋ ಹೊಸ ನೌಕರಿಗೋ, ಕೊನೇ ಗಳಿಗೆಯಲ್ಲಿ ಹಿಂಜರಿಯುವುದು. ಇನ್ನು 'ಡೋಂಟ್ ಈಟ್ ಮೈ ಹೆಡ್' ನಮ್ಮ 'ತಲೆ ತಿನ್ನಬೇಡ'. ಇಂಗ್ಲೆಂಡಿನವರಿಗೆ ಅದು ನರಭಕ್ಷಕರ ಮಾತಿನ ಹಾಗೆ ಕೇಳಬಹುದು. ಅವರು 'ಯೂ ಆರ್ ಗೆಟಿಂಗ್ ಆನ್ ಮೈ ನರ್ವ್ಸ್' ಅಂತಾರೆ.

ಈಡಿಯಮ್ ಒಳಗಿನ ಪದ ಬದಲಾಯಿಸುವ ಹಾಗಿಲ್ಲ. ಅಮಾವಾಸ್ಯೆಗೋ ಹುಣ್ಣಿಮೆಗೋ ಅನ್ನುವುದನ್ನು 'ಏಕಾದಶಿಗೋ ದ್ವಾದಶಿಗೋ' ಅಂದರೆ ಹೇಗಿರುತ್ತದೆ? 'ಪೀಸ್ ಆಫ್ ಬ್ರೆಡ್' ಕೂಡ ಅವರಿಗೆ ಹಾಗೇ.

ಆಟದಿಂದ ಬಂದವು ಬೇರೆಯೇ ಒಂದು ಲೋಕ. 'ಆನ್ ದ ಬ್ಯಾಕ್ ಫುಟ್', 'ಸ್ಟಿಕಿ ವಿಕೆಟ್', 'ಹಿಟ್ ಫಾರ್ ಸಿಕ್ಸ್' ಎಲ್ಲ ಕ್ರಿಕೆಟ್ಟಿನವು, ನಮಗೆ ತಾನಾಗಿ ಅರ್ಥವಾಗುತ್ತವೆ. ಅಮೆರಿಕದವರಿಗೆ ಆಗುವುದಿಲ್ಲ. ಅವರು 'ಬಾಲ್‌ಪಾರ್ಕ್ ಫಿಗರ್', 'ಟಚ್ ಬೇಸ್', 'ಕರ್ವ್‌ಬಾಲ್' ಅಂತ ಬೇಸ್‌ಬಾಲಿನ ಮಾತಾಡುತ್ತಾರೆ. ಬಾಲ್‌ಪಾರ್ಕ್ ಫಿಗರ್ ಕೇಳಿದರೆ ಅಂದಾಜು ಲೆಕ್ಕ ಕೊಡಿ ಸಾಕು. ಟಚ್ ಬೇಸ್ ಅಂದರೆ ಒಮ್ಮೆ ಮಾತಾಡಿಕೊಳ್ಳೋಣ. ಕರ್ವ್‌ಬಾಲ್ ಅಂದರೆ ನಿರೀಕ್ಷೆ ಇಲ್ಲದೆ ಬಂದ ತಲೆನೋವು. ಬೆಂಗಳೂರಿನ ಐಟಿ ಆಫೀಸಿನಲ್ಲಿದ್ದರೆ ಈ ಮೂರು ಮೊದಲ ತಿಂಗಳಲ್ಲೇ ಕಿವಿಗೆ ಬೀಳುತ್ತವೆ.

ಎಲ್ಲಿ ಹೇಳಬೇಕು, ಎಲ್ಲಿ ಬಾಯಿ ಮುಚ್ಚಬೇಕು

'ತೀರಿಕೊಂಡರು' ಅನ್ನುವುದಕ್ಕೂ 'ಗೊಟಕ್ ಅಂದ' ಅನ್ನುವುದಕ್ಕೂ ಎಷ್ಟು ದೂರವೋ, 'ಪಾಸ್ಡ್ ಅವೇ' ಮತ್ತು 'ಕಿಕ್ಡ್ ದ ಬಕೆಟ್' ನಡುವೆ ಅಷ್ಟೇ ದೂರ. ಸಂತಾಪದ ಮೇಲ್‌ನಲ್ಲಿ ಎರಡನೆಯದನ್ನು ಹಾಕಿದರೆ ಮುಗೀತು ಕಥೆ.

ನಾವು ಶಾಲೆಯಲ್ಲಿ ಕಲಿಯುವುದು ಪೋಸ್ಟ್‌ಪೋನ್, ಟಾಲರೇಟ್, ಇನ್ವೆಸ್ಟಿಗೇಟ್ ಥರದ ಲ್ಯಾಟಿನ್ ಮೂಲದ ಪದ. ಮನೆಮಾತಿನಲ್ಲಿ ಅವರು ಪುಟ್ ಆಫ್, ಪುಟ್ ಅಪ್ ವಿತ್, ಲುಕ್ ಇಂಟು ಅಂತಾರೆ. ನಮ್ಮ 'ಭೋಜನ ಸ್ವೀಕರಿಸಿ' ಮತ್ತು 'ಊಟ ಮಾಡಿ' ಇದ್ದ ಹಾಗೆ. ಗೆಳೆಯನಿಗೆ ಭೋಜನ ಸ್ವೀಕರಿಸು ಅಂದರೆ ನಗು ಬರುತ್ತದೆ ಅಲ್ವಾ, ನಮ್ಮ ಇಂಗ್ಲಿಷ್ ಪುಸ್ತಕದ ಹಾಗೆ ಕೇಳುವುದಕ್ಕೆ ಅದೇ ಕಾರಣ. ಹಾಗಂತ ಕೋರ್ಟ್ ಅರ್ಜಿಯಲ್ಲಿ ಫ್ರೇಸಲ್ ವರ್ಬ್ ಸುರಿಯಲೂಬೇಡಿ. 'ಕ್ಯಾರಿ ಔಟ್', 'ಸೆಟ್ ಅಪ್' ಥರದ ಕೆಲವು ಎರಡೂ ಕಡೆ ಸಲ್ಲುತ್ತವೆ. ಇನ್ನು ಧೋ ಅಂತ ಮಳೆ ಸುರಿಯುವಾಗ 'ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್' ಅನ್ನುವುದು ಈಗ ಹಳೇ ಕಾಲದ್ದಾಯಿತು, 'ಇಟ್ಸ್ ಪೋರಿಂಗ್' ಸಾಕು.

ಕಿವಿಗೆ ಹಾಕಿಕೊಳ್ಳಲು

ಬಿಬಿಸಿ ಲರ್ನಿಂಗ್ ಇಂಗ್ಲಿಷ್‌ನಲ್ಲಿ 'ದಿ ಇಂಗ್ಲಿಷ್ ವಿ ಸ್ಪೀಕ್' ಅಂತ ಪುಟ್ಟ ಪುಟ್ಟ ಕಂತುಗಳಿವೆ, ಒಂದರಲ್ಲಿ ಒಂದೇ ನುಡಿಗಟ್ಟು. ಯೂಗ್ಲಿಶ್ ಅನ್ನುವ ತಾಣದಲ್ಲಿ ಒಂದು ನುಡಿ ಟೈಪ್ ಮಾಡಿದರೆ, ಜನ ಅದನ್ನು ಹೇಳಿರುವ ಯೂಟ್ಯೂಬ್ ತುಣುಕುಗಳು ಒಂದರ ಹಿಂದೆ ಒಂದು ಬರುತ್ತವೆ. ಐದು ಜನರ ಬಾಯಲ್ಲಿ ಕೇಳಿದ ಮೇಲೆ ಒತ್ತು ಎಲ್ಲಿ ಬೀಳುತ್ತದೆ ಅಂತ ಯಾರೂ ಹೇಳಿಕೊಡಬೇಕಿಲ್ಲ. ಸಿನಿಮಾ ನೋಡುವಾಗ ಸಬ್‌ಟೈಟಲ್ ಇಂಗ್ಲಿಷಿನಲ್ಲೇ ಇರಲಿ.

ಬರೆದಿಡಲು ಸುಮ್ನೆ ಒಂದು ಹಳೇ ನೋಟ್‌ಬುಕ್ ಸಾಕು. ಪುಟ್ಟ ಪದಕ್ಕೊಂದು ಪುಟ ಬಿಡಿ: ಅಪ್, ಔಟ್, ಆಫ್, ಆನ್, ಡೌನ್. ಒಂದೊಂದು ನುಡಿಯ ಮುಂದೆ ನಿಮ್ಮ ಜೀವನದ್ದೇ ಒಂದು ವಾಕ್ಯ ಬರೆಯಿರಿ. ಪುಸ್ತಕದ ವಾಕ್ಯ ಬೇಡ. ಮಾರನೇ ದಿನ, ಮೂರನೇ ದಿನ, ಮುಂದಿನ ವಾರ ಒಮ್ಮೆ ಕಣ್ಣಾಡಿಸಿ.

ಮೊದಲ ವಾರಕ್ಕೆ ನಾನೇ ಐದು ಕೊಡುತ್ತೇನೆ. ರನ್ ಔಟ್ ಆಫ್, ಡ್ರಾಪ್ ಆಫ್, ಫೈಂಡ್ ಔಟ್, ಪುಟ್ ಆಫ್, ಹ್ಯಾಂಗ್ ಆನ್. ಇವತ್ತು ಮನೆಯಲ್ಲಿ ಏನು ಮುಗಿದಿದೆ ನೋಡಿ, ಈರುಳ್ಳಿಯೋ ಕಾಫಿಪುಡಿಯೋ. ಅಲ್ಲಿಂದಲೇ ಶುರು ಮಾಡಿ.